ಮಾವು ಮೂಸಿದರೆ ದೋಷವಿಲ್ಲ

೨೦ ಜನವರಿ ೨೦೦೨, ಭಾನುವಾರ

ಗೌತಮಿಯನ್ನು ಇವತ್ತು ಮೂಗೂರಿನ ಅವಳ ಅತ್ತೆ ಮನೆಯಿಂದ ಕರೆತಂದೆವು. ಬಸ್ಸಿನ ಕುಲುಕಾಟ ಬೇಡವೆಂದು ಅಳಿಯ ರಘು ಬಾಡಿಗೆ ಕಾರು ಗೊತ್ತು ಮಾಡಿದ್ದ. ನರಸೀಪುರ ದಾಟಿ ನಂಜನಗೂಡು ಮುಟ್ಟುವವರೆಗೂ ನಾನು ಡ್ರೈವರಿಗೆ ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಲೇ ಇದ್ದೆ. ಕೊನೆಗೆ ಅವನು, “ಅಮ್ಮಾರೇ, ಇನ್ನೂ ಮೆಲ್ಲಗೆ ಅಂದ್ರೆ ಕಾರು ಇಂದಕ್ಕೋಯ್ತದೆ” ಅಂದ. ಗೌತಮಿ ನಕ್ಕಳು. ನಗಬೇಡ, ಹೊಟ್ಟೆ ಅಲುಗುತ್ತದೆ ಎಂದು ಗದರಿಸಿದೆ.

ಈಗ ಮೂರು ತಿಂಗಳು. ಡಾಕ್ಟರಮ್ಮ ಮಂಚ ಬಿಟ್ಟು ಹೆಚ್ಚು ಓಡಾಡಕೂಡದು ಎಂದಿದ್ದಾರೆ. ಹಿಂದಿನ ಎರಡು ಬಸಿರೂ ಐದು ತಿಂಗಳು ತುಂಬುವ ಮೊದಲೇ ಹೋದವು. ಈ ಮಗುವನ್ನು ಹೇಗಾದರೂ ಉಳಿಸಿಕೊಳ್ಳಬೇಕು. ಶಾಲೆಯ ಪಾಠಟಿಪ್ಪಣಿ ಬರೆದು ಬರೆದು ಬೇಸತ್ತ ಕೈ ಇದು, ಆದರೂ ಇನ್ನು ಮೇಲೆ ಇಲ್ಲಿ ಬರೆಯುತ್ತೇನೆ. ಬಾಯಿ ಬಿಟ್ಟು ಹೇಳಲಾಗದ ಹೆದರಿಕೆಯನ್ನು ಎಲ್ಲಾದರೂ ಇಳಿಸಬೇಕಲ್ಲ.

ಎರಡು ವರ್ಷದ ಹಿಂದೆ, ಎರಡನೆಯ ಬಸಿರೂ ಹೋದಾಗ, ನಾನು ನಂಜುಂಡೇಶ್ವರನ ಮುಂದೆ ನಿಂತು ಹರಕೆ ಹೊತ್ತೆ: ಮೊಮ್ಮಗುವಿನ ಮುಖ ನೋಡುವ ತನಕ ಮಾವಿನಹಣ್ಣು ಬಾಯಿಗಿಡುವುದಿಲ್ಲ. ಬಿಡುವುದಾದರೆ ಪ್ರಾಣಕ್ಕಿಂತ ಹೆಚ್ಚಾದದ್ದನ್ನೇ ಬಿಡಬೇಕು. ನನ್ನ ಗಂಡ ಮಹದೇವಯ್ಯನವರು ಭಾನುವಾರ ಬುದ್ಧವಿಹಾರಕ್ಕೆ ಹೋಗುವ ಆಸಾಮಿ, ಮಗಳಿಗೆ ಗೌತಮಿ ಎಂದು ಹೆಸರಿಟ್ಟವರೂ ಅವರೇ. “ಬುಡೋದಾದ್ರೆ ಬದನೇಕಾಯಿ ಬುಡಬೇಕಿತ್ತು ಕಣೇ. ಇತ್ತಲಲ್ಲಿ ಮಾವಿನಮರ ಮಡಗಿಕೊಂಡು ಮಾವು ಬುಟ್ಟೋರುಂಟಾ?” ಎಂದು ಎರಡು ಬೇಸಿಗೆಯಿಂದ ಹಂಗಿಸುತ್ತಿದ್ದಾರೆ.

ಹಿತ್ತಲಿನ ಹುಳಿಮಾವಿನ ನಾಟಿ ಮರಕ್ಕೆ ನಾನೇ ಐದು ಜಾತಿಯ ಕಸಿ ಕಟ್ಟಿದ್ದೇನೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಆಮ್ರಪಾಲಿ. ಒಂದೊಂದು ಕೊಂಬೆಗೆ ಒಂದೊಂದು ಬುದ್ಧಿ. ಕಾಂಪೌಂಡಿನ ಮೂಲೆಯಲ್ಲಿ ಇನ್ನೊಂದು ಮರವಿದೆ, ಯಾರೋ ತಿಂದು ಎಸೆದ ಓಟೆಯಿಂದ ತಾನಾಗಿ ಎದ್ದದ್ದು. ಓಟೆಯಿಂದ ಹುಟ್ಟಿದ ಮಾವು ತಾಯಿಯ ಹಾಗೆ ಇರುವುದಿಲ್ಲ. ಅದರ ರುಚಿ ಏನೆಂದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಈ ವರ್ಷ ಮೊದಲ ಸಲ ಅದರ ತುದಿಗಳು ಉಬ್ಬಿವೆ, ಹೂ ಬರುತ್ತದೆ.

೪ ಫೆಬ್ರವರಿ

ಹೂವೋ ಹೂವು. ಮರದ ಕೆಳಗೆ ನಿಂತರೆ ತಲೆಕೂದಲಿಗೂ ಅಂಟು. ಜೇನುಹುಳುಗಳ ಸದ್ದು ಮನೆಯೊಳಗಿನವರೆಗೂ ಬರುತ್ತದೆ, ದೂರದಲ್ಲಿ ಯಾರೋ ರಾಗಿ ಬೀಸುತ್ತಿರುವ ಹಾಗೆ. ಶಾಲೆಯಿಂದ ಬಂದವಳು ಕಾಫಿ ಮರೆತು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕತ್ತಲಾದದ್ದೇ ತಿಳಿಯಲಿಲ್ಲ.

ಜಿಗಿಹುಳು ಬಿದ್ದಿದೆ. ಬೇರೆ ವರ್ಷವಾಗಿದ್ದರೆ ಔಷಧಿ ಹೊಡೆಸುತ್ತಿದ್ದೆ. ಈಗ ಕಿಟಕಿಯ ಪಕ್ಕದಲ್ಲೇ ಮಗುವಿದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಕೈಪಂಪಿನಲ್ಲಿ ಹೊಡೆದೆ. ಅರ್ಧ ನನ್ನ ಸೀರೆಗೆ, ಕಾಲು ಭಾಗ ಮಹದೇವಯ್ಯನವರ ಕನ್ನಡಕಕ್ಕೆ, ಮಿಕ್ಕಿದ್ದು ಹುಳುವಿಗೆ.

ಗೌತಮಿ ಹಾಲು ಅರ್ಧ ಲೋಟ ಬಿಟ್ಟಳು. ಮಗುವಿಗೆ ಸಾಲದು ಎಂದು ಪಕ್ಕದಲ್ಲೇ ನಿಂತು ಕುಡಿಸಿದೆ. “ಅವ್ವ, ಮಂಚಾನ ಕಿಟಕಿ ಕಡೀಕೆ ತಿರುಗಿಸ್ತೀಯಾ? ಬರೀ ವಾಸನೆ ಬತ್ತದೆ, ಹೂವು ಕಾಣಲ್ಲ” ಅಂದಳು. ಗಾಳಿ ಶೀತ, ಮಗುವಿಗೆ ಆಗುವುದಿಲ್ಲ ಎಂದೆ. ಅವಳ ಅಪ್ಪ ನಾನು ಸ್ನಾನಕ್ಕೆ ಹೋದಾಗ ತಿರುಗಿಸಿಬಿಟ್ಟಿದ್ದಾರೆ.

೧೯ ಫೆಬ್ರವರಿ

ಬೆಳಿಗ್ಗೆ ಕಪಿಲೆಯ ಕಡೆಯಿಂದ ದಟ್ಟ ಮಂಜು. ಮಲ್ಲಿಕಾ ಹೂವೆಲ್ಲ ಕರಕಲು. ಏನೂ ಮಾಡುವಂತಿಲ್ಲ. ಶಾಲೆಯಲ್ಲಿ ಇಡೀ ದಿನ ಮಕ್ಕಳಿಗೆ ಬೈದೆ, ಪಾಪ.

೧೨ ಮಾರ್ಚ್, ಶಿವರಾತ್ರಿ

ನನ್ನ ನಾಲಿಗೆ ಸುಡಬೇಕು.

ಹೀಚು ಉದುರುತ್ತಿದೆ. ಸಾಸಿವೆಯಷ್ಟು, ಕಡಲೆಯಷ್ಟು, ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಹಬ್ಬವೆಂದು ಗೌತಮಿಯನ್ನು ನಿಧಾನವಾಗಿ ನಡೆಸಿಕೊಂಡು ಹೋಗಿ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದೆ. ಅವಳು ಮಡಿಲಿಗೆ ಬಿದ್ದ ಹೀಚುಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡು, “ಯಾಕವ್ವ ಇಷ್ಟೊಂದು ಉದುರ್ತವೆ?” ಎಂದು ಕೇಳಿದಳು. ನಾನು ಟೀಚರಲ್ಲವೇ, ಕೇಳಿದರೆ ಸಾಕು, ಪಾಠ ಶುರು.

“ಮರ ಅಂದ್ರೆ ಅಂಗೇ ಕಣವ್ವ. ಹೂವೇನೋ ಸಾವಿರ ಬುಡ್ತದೆ. ತನಗೆ ಹೊರಕ್ಕಾದಷ್ಟು ಮಡಗಿಕೊಂಡು ಮಿಕ್ಕಿದ್ದ ಉದುರಿಸ್ಬುಡ್ತದೆ.”

ಅವಳು ಅಂಗೈ ನೋಡುತ್ತ ಕೂತಳು. ಆಮೇಲೆ ಸಣ್ಣ ದನಿಯಲ್ಲಿ, “ನಂಗೆ ಒಂದ್ನೂ ಹೊರಕ್ಕಾಗ್ಲಿಲ್ಲ ಅಲ್ವಾ” ಅಂದಳು. ಆಡಿದ ಮಾತು, ಒಡೆದ ಮುತ್ತು. ಏನೇನೋ ಸಮಾಧಾನ ಹೇಳಿದೆ. ಅಳಬೇಡ, ಮಗುವಿಗೆ ಒಳ್ಳೆಯದಲ್ಲ ಎಂದೂ ಹೇಳಿದೆ. ಅವಳು ಹೀಚುಗಳನ್ನು ಬಿಸಾಡದೆ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

೧೪ ಮಾರ್ಚ್

ಗೌತಮಿಗೆ ನನ್ನ ಮೇಲೆ ಮುನಿಸು. ಕೇಳಿದ್ದಕ್ಕೆ ಹೂಂ, ಉಹೂಂ.

೨೯ ಮಾರ್ಚ್

ಐದು ತುಂಬಿತು! ಡಾಕ್ಟರಮ್ಮ ಎಲ್ಲ ಸರಿಯಿದೆ ಎಂದರು. ಇಲ್ಲಿಯವರೆಗೆ ಯಾವುದೂ ಬಂದಿರಲಿಲ್ಲ. ರಘು ಮೂಗೂರಿನಿಂದ ತನ್ನ ಮನೆಯವರ ಮಾತು ತಂದ, “ಅತ್ತೆ, ನಮ್ಮವ್ವ ನಿಮ್ಗೊಂದು ಮಾತು ಹೇಳು ಅಂದ್ಲು. ನಿಮ್ಮ ಹರಕೆ ಕೆಲ್ಸ ಮಾಡ್ತಾ ಅದಂತೆ.” ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಗೌತಮಿ ಗೋಡೆ ಕಡೆ ತಿರುಗಿ ಮಲಗಿದ್ದಳು, ನಿದ್ದೆ ಬಂದಿತ್ತೇನೋ.

ಓಟೆಮರದಲ್ಲಿ ಗೋಲಿಯಷ್ಟು ದಪ್ಪದ ಕಾಯಿಗಳು ನಾಲ್ಕು ನಿಂತಿವೆ. ದಿನಾ ಹೋಗಿ ನೋಡಿ ಬರುತ್ತೇನೆ. ಕೈ ಮಾಡಿ ತೋರಿಸುವುದಿಲ್ಲ, ದೃಷ್ಟಿಯಾಗುತ್ತದೆ.

೧೩ ಏಪ್ರಿಲ್, ಯುಗಾದಿ

ಮಾವಿನಕಾಯಿ ಚಿತ್ರಾನ್ನ ಹೊಟ್ಟೆ ತುಂಬ ತಿಂದೆ. ಹರಕೆ ಹಣ್ಣಿಗೆ, ಕಾಯಿಗಲ್ಲ. “ದೇವರ ಅತ್ರಾನೂ ಲಾ ಪಾಯಿಂಟು” ಎಂದರು ಮಹದೇವಯ್ಯನವರು. ಇರಲಿ. ಬೇಸಿಗೆ ರಜೆ ಶುರುವಾಗಿದೆ, ನಾನಿನ್ನು ಇಡೀ ದಿನ ಮನೆಯಲ್ಲೇ.

ಮಧ್ಯಾಹ್ನ ಮರದಡಿ ಈಚಲು ಚಾಪೆ ಹಾಸಿ ಅವಳನ್ನು ಮಲಗಿಸಿದೆ. ಮಂಚವೋ ಚಾಪೆಯೋ, ಮಲಗಿದ್ದರಾಯಿತಲ್ಲ. ನಾನೂ ಪಕ್ಕದಲ್ಲಿ ಒರಗಿದೆ. ಎಲೆಗಳ ಸಂದಿಯ ಬಿಸಿಲು ಅವಳ ಮುಖದ ಮೇಲೆ ಚೂರು ಚೂರಾಗಿ ಓಡಾಡುತ್ತಿತ್ತು. ಕಣ್ಣು ಮುಚ್ಚಿದರೆ ಕನಸು: ಐದೂ ಕೊಂಬೆಗಳು ಹಣ್ಣಾಗಿ ಮನೆಯೊಳಗೆ ಬಂದಿವೆ, ಅಡುಗೆಮನೆಯಲ್ಲಿ ಬಾದಾಮಿ, ದೇವರ ಮೂಲೆಯಲ್ಲಿ ರಸಪುರಿ, ಯಾರೂ ಕೊಂಬೆ ಕಡಿಯಬೇಕು ಅನ್ನುವುದಿಲ್ಲ, ಬಗ್ಗಿ ಬಗ್ಗಿ ಓಡಾಡುತ್ತೇವೆ. ಎದ್ದಾಗ ಗೌತಮಿಯ ಕೈ ನನ್ನ ಸೆರಗು ಹಿಡಿದಿತ್ತು. ಚಿಕ್ಕವಳಿದ್ದಾಗ ಹಾಗೆ ಹಿಡಿಯುತ್ತಿದ್ದಳು. ಒಲೆಯ ಮೇಲೆ ಬೇಳೆ ಹೊತ್ತಿಹೋಯಿತು, ಬಿಡಿಸಿಕೊಂಡು ಏಳಲು ಮನಸ್ಸಾಗಲಿಲ್ಲ.

೨ ಮೇ

ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದ್ದ ಹಣ್ಣು ತೆಗೆದೆ. ಮನೆಯೆಲ್ಲ ಘಮ್ಮೆಂದಿತು. ನಾನು ಒಂದೊಂದನ್ನೂ ತೊಟ್ಟಿನ ಹತ್ತಿರ ಮೂಗಿಟ್ಟು ವಾಸನೆ ಎಳೆದುಕೊಂಡೆ. ದೇವರಿಗೆ ಹೇಳಿದ್ದು ಬಾಯಿಗಿಡುವುದಿಲ್ಲ ಎಂದು. ಮೂಸಿದರೆ ದೋಷವಿಲ್ಲ.

ನಾನು ತಿನ್ನದಿದ್ದರೂ ಯಾವ ಕೊಂಬೆ ಹೇಗೆ ಓದಿದೆ ಎಂದು ತಿಳಿಯಬೇಕು, ಮಾರ್ಕ್ಸ್ ಕೊಡಬೇಕು. ಎರಡು ವರ್ಷ ಮಹದೇವಯ್ಯನವರನ್ನು ನಂಬಿ ಕೆಟ್ಟೆ. ಸೇಂದೂರ ಹೇಗಿದೆ ಅಂದರೆ ‘ಚೆನ್ನಾಗದೆ’. ಬಾದಾಮಿ? ‘ಅದೂ ಚೆನ್ನಾಗದೆ’. ಇವರ ನಾಲಿಗೆಗೆ ಎಲ್ಲರೂ ಫಸ್ಟ್ ಕ್ಲಾಸು. ಈ ಸಲ ಗೌತಮಿ ಸಿಕ್ಕಿದ್ದಾಳೆ. ಅವಳು ಕಣ್ಣು ಮುಚ್ಚಿ ನಿಧಾನವಾಗಿ ತಿಂದು ಹೇಳುತ್ತಾಳೆ:

“ಸೇಂದೂರ ಮೊದ್ಲೇ ಸಿಹಿ ತೋರಿಸ್ಬುಡ್ತದೆ ಅವ್ವ, ಆಮೇಲೆ ಏನೂ ಇಲ್ಲ. ಬಾಯಿಮಾತ್ನೋರಂಗೆ.”

“ಬಾದಾಮಿ?”

“ತಡಿ. ಬಾದಾಮಿ ನುಂಗಿದ್ಮೇಲೆ ಗೊತ್ತಾಯ್ತದೆ. ಗಂಟಲಲ್ಲಿ ಉಳ್ಕೊತದೆ. ಒಂಚೂರು ಕೇಸರಿ, ಒಂಚೂರು... ಬಿಸಿಲಲ್ಲಿ ಒಣಗಿದ್ ಬಟ್ಟೆ ಮಡಿಸ್ವಾಗ ಬತ್ತದಲ್ಲ, ಅಂಥದ್ದು.”

ನನ್ನ ಬಾಯಲ್ಲಿ ನೀರೂರಿತು, ನಾಚಿಕೆ ಬಿಟ್ಟು ಬರೆಯುತ್ತೇನೆ. ಬಾದಾಮಿಗೆ ತೊಂಬತ್ತು. ಸೇಂದೂರಕ್ಕೆ ಅರವತ್ತೆರಡು. ಇಬ್ಬರೂ ಹೀಗೆ ಬಹಳ ಹೊತ್ತು ಕೂತಿದ್ದೆವು, ಅವಳು ತಿನ್ನುವುದು, ನಾನು ಕೇಳುವುದು. ಇಷ್ಟು ಮಾತು ಅವಳು ನನ್ನ ಜೊತೆ ಆಡಿ ವರ್ಷಗಳೇ ಆಗಿರಬೇಕು.

೯ ಮೇ

ರಸಪುರಿ ಹಣ್ಣಾಯಿತು. ಹೆಚ್ಚಿ ತಟ್ಟೆಯಲ್ಲಿ ತಂದಿಟ್ಟೆ. ಗೌತಮಿ ತಟ್ಟೆಯನ್ನು ದೂಡಿದಳು.

“ನೀನು ತಿನ್ನೋಗಂಟ ನಾನೂ ತಿನ್ನಲ್ಲ.”

ತಮಾಷೆ ಎಂದುಕೊಂಡೆ. “ನಂದು ಹರಕೆ ಕಣವ್ವ. ನೀನು ತಿನ್ನು, ಮಗುವಿಗೆ...”

“ಮಗು ಮಗು ಮಗು! ಆ ಹರಕೆ ಕಟ್ಟೋಕೆ ಮುಂಚೆ ನನ್ನೊಂದು ಮಾತು ಕೇಳ್ದಾ? ಎರಡು ವರ್ಸದಿಂದ ಇಲ್ಲಿಗೆ ಬಂದಾಗ್ಲೆಲ್ಲ ನೋಡ್ತೀನಿ. ಎಲ್ರ ತಟ್ಟೆಗೂ ಹಣ್ಣು ಆಕ್ತೀಯ, ನಿನ್ನ ತಟ್ಟೆ ಖಾಲಿ. ಮೂಗೂರಲ್ಲಿ ಅವರಿವರು ಆಡ್ಕೊಂಡ್ರೆ ಕಿವಿ ಮುಚ್ಕೋಬೋದು. ನಿನ್ನ ಖಾಲಿ ತಟ್ಟೆ ನೋಡ್ದಾಗ ಎಲ್ಲಿಗವ್ವ ಓಗ್ಲಿ ನಾನು?”

ಪ್ರೀತಿಯಿಂದ ಹೊತ್ತ ಹರಕೆ ಅದು. ಬಾಯಿಗೆ ಬೀಗ ಹಾಕಿಕೊಂಡವಳು ನಾನು, ನೋವು ಅವಳಿಗಂತೆ. ಬಾಗಿಲಲ್ಲಿ ನಿಂತಿದ್ದ ಮಹದೇವಯ್ಯನವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ರಸಪುರಿಯನ್ನು ಯಾರೂ ತಿನ್ನಲಿಲ್ಲ. ಮಾರ್ಕ್ಸ್ ಇಲ್ಲ.

೧೧ ಮೇ

ಇವತ್ತೂ ತಿನ್ನಲಿಲ್ಲ. ಹಣ್ಣುಗಳು ಹುಲ್ಲಿನಲ್ಲೇ ಕೊಳೆಯುತ್ತಿವೆ, ಇರುವೆ ಹತ್ತಿದೆ. ಹರಕೆ ಮುರಿದರೆ ಏನಾಗುತ್ತದೆ ಎಂದು ಒಂದು ಸಲ, ಒಂದೇ ಒಂದು ಸಲ ಯೋಚಿಸಿದೆ.

೧೫ ಮೇ

ಯೋಚಿಸಿದ್ದಕ್ಕೇ ಹೀಗಾಯಿತು. ಮಾರನೆಯ ದಿನ ಬೆಳಿಗ್ಗೆ ಗೌತಮಿಗೆ ರಕ್ತ ಕಾಣಿಸಿಕೊಂಡಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ರಕ್ತ ನಿಂತಿದೆ, ಮಗು ಉಳಿಯುತ್ತದೆ, ಇನ್ನೆರಡು ದಿನ ನೋಡೋಣ ಎಂದರು. ನಾನು ನಂಜುಂಡಪ್ಪಾ ನಂಜುಂಡಪ್ಪಾ ಎನ್ನುತ್ತ ಕಾರಿಡಾರಿನಲ್ಲಿ ಅಲೆದೆ.

ಡ್ರಿಪ್ ಹಾಕಿದ ಕೈಯನ್ನು ಅವಳು ನನ್ನ ಕಡೆಗೆ ಚಾಚಿ, “ಅವ್ವ, ನಂಗೇನಾದ್ರೂ ಆದ್ರೆ?” ಅಂದಳು.

“ಏನೂ ಆಗಲ್ಲ ಕಣೇ. ಮಗು ಗಟ್ಟಿಯಾಗದೆ ಅಂದವ್ರೆ ಡಾಕ್ಟ್ರು.”

ಅವಳು ಕೈ ಎಳೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಯಾಕೋ ಆ ಕೈ ಎಳೆದುಕೊಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಅಂಥದ್ದೇನು ಹೇಳಿದೆ ನಾನು?

೧೮ ಮೇ

ಮನೆಗೆ ಬಂದೆವು. ಗಾಳಿಮಳೆಗೆ ಓಟೆಮರದ ಮೂರು ಕಾಯಿ ಉದುರಿಬಿದ್ದಿದ್ದವು, ಹಿಂದಿನ ಗೋಡೆಯ ಕಡೆ ಒಂದು ಉಳಿದಿದೆ. ನೋಡಿದೆ, ಅಷ್ಟೇ. ಗೌತಮಿಗೆ ಗಂಜಿ ಮಾಡಬೇಕಿತ್ತು. ಮೆಣಸು ಜಾಸ್ತಿ ಹಾಕಿದರೆ ಅವಳಿಗೆ ಇಷ್ಟ.

೨೧ ಮೇ

ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ತಪ್ಪು ಮಾಡಿದ ಮೇಲೆ ಹಾಕುವುದು ಎಲ್ಲರ ಪದ್ಧತಿ. ನಾನು ಮೊದಲೇ ಹಾಕಿದೆ. ಹುಂಡಿಯ ಮುಂದೆ ನಿಂತು ಒಳಗೊಳಗೇ ಹೇಳಿಕೊಂಡೆ: ಅಪ್ಪಾ, ಇದು ಮುಂದೆ ಮಾಡಲಿರುವ ತಪ್ಪಿಗೆ. ಹುಡುಗಿ ನನ್ನ ತಟ್ಟೆ ನೋಡಿ ನೋಡಿ ಕೊರಗುತ್ತಿದ್ದಾಳೆ. ಅವಳಿಗೆ ಏನೂ ಮಾಡಬೇಡ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ, ನನಗೆ ಮಂಡಿನೋವು ಹೇಗೂ ಇದೆ, ಇನ್ನಷ್ಟು ಕೊಡು.

ಮನೆಗೆ ಬಂದು ಹೇಳಿದರೆ ಮಹದೇವಯ್ಯನವರು ಬಿದ್ದು ಬಿದ್ದು ನಕ್ಕರು. “ಕಳ್ಳತನ ಮಾಡೋಕ್ ಮುಂಚೆ ಸ್ಟೇಷನ್‌ಗೋಗಿ ದಂಡ ಕಟ್ಟಿದಂಗಾಯ್ತಲ್ಲೇ!” ಒಳಗಿನಿಂದ ಗೌತಮಿಯ ನಗುವೂ ಕೇಳಿತು. ಹೊಟ್ಟೆ ಅಲುಗುತ್ತದೆ ಎಂದು ಹೇಳಲು ನನಗೆ ನೆನಪಾಗಲಿಲ್ಲ.

೨೩ ಮೇ

ಕಾಣಿಕೆಯೇನೋ ಹಾಕಿದೆ. ಹಣ್ಣಿನ ತುಂಡನ್ನು ತುಟಿಯ ಹತ್ತಿರ ತಂದು ಮತ್ತೆ ತಟ್ಟೆಯಲ್ಲೇ ಇಟ್ಟೆ. ಏನಾದರೂ ಆಗಿಬಿಟ್ಟರೆ ಜನ್ಮವಿಡೀ ಆ ತುಂಡು ನನ್ನ ಗಂಟಲಲ್ಲೇ ಇರುತ್ತದೆ. ಗೌತಮಿ ನೋಡಿದಳು, ಬಲವಂತ ಮಾಡಲಿಲ್ಲ. “ಇವತ್ತು ಬ್ಯಾಡ ಬುಡವ್ವ” ಎಂದು ತಟ್ಟೆಗೆ ಮುಚ್ಚಳ ಮುಚ್ಚಿದಳು.

೨೬ ಮೇ, ಬುದ್ಧಪೂರ್ಣಿಮೆ

ಬೆಳಿಗ್ಗೆ ಮಹದೇವಯ್ಯನವರು ಬಿಳಿ ಬಟ್ಟೆ ಹಾಕಿಕೊಂಡು ವಿಹಾರಕ್ಕೆ ಹೋಗಿ ಪಾಯಸ ತಂದರು. ಬುದ್ಧ ವೈಶಾಲಿಯಲ್ಲಿ ಆಮ್ರಪಾಲಿಯ ಮಾವಿನ ತೋಪಿನಲ್ಲೇ ಉಳಿದಿದ್ದನಂತೆ, ಅಲ್ಲಿ ಇವತ್ತು ಅದೇ ಕಥೆ ಹೇಳಿದರಂತೆ. “ತೋಪಲ್ಲಿ ಕೂತಿದ್ದೋನು ಒಂದಾದ್ರೂ ತಿಂದೇ ಇರ್ತಾನೆ ಕಣೇ” ಎಂದು ನನ್ನ ಮುಖ ನೋಡದೆ ಹೇಳಿ ಪೇಪರ್ ಓದಲು ಕೂತರು.

ಓಟೆಮರದ ಹಣ್ಣು ತಾನಾಗಿ ತೊಟ್ಟು ಕಳಚಿ ಒಣಗಿದ ಎಲೆಗಳ ಮೇಲೆ ಬಿದ್ದಿತ್ತು. ಒಂದು ಕಡೆ ಹಳದಿ, ಇನ್ನೊಂದು ಕಡೆ ಇನ್ನೂ ಹಸಿರು. ತೊಳೆದು ತೊಟ್ಟಿನ ಸೊನೆ ಹಿಂಡಿ ತೆಗೆದೆ. ಚಾಪೆಯ ಮೇಲೆ ಗೌತಮಿಯ ಎದುರು ಕೂತೆ. ಬಿಸಿಲು ಆಗತಾನೆ ಹಿತ್ತಲಿಗೆ ಇಳಿಯುತ್ತಿತ್ತು, ಎಲ್ಲಿಯೂ ಸದ್ದಿಲ್ಲ, ಒಂದು ಅಳಿಲು ಮಾತ್ರ. ಈ ಹಣ್ಣನ್ನು ಇದುವರೆಗೆ ಯಾರೂ ತಿಂದಿಲ್ಲ ಎಂದು ಹೇಳಿದೆ. “ಅಂಗಾರೆ ನಾವೇ ಮೊದಲು” ಅಂದಳು. ಅವಳ ಕೆನ್ನೆಯ ಮೂಳೆ ಎಷ್ಟು ಎದ್ದು ಕಾಣುತ್ತದೆ, ಕಣ್ಣಿನ ಸುತ್ತ ಕಪ್ಪು. ಇದೆಲ್ಲ ಯಾವಾಗ ಆಯಿತು? ದಿನಾ ನೋಡುತ್ತಿದ್ದೆನಲ್ಲ.

ಎರಡು ಹೋಳು ಮಾಡಿದೆ. ಹೆದರಿಕೆ ಹೋಗಿರಲಿಲ್ಲ. ತಿಂದೆ.

ಅಯ್ಯೋ ಆ ರುಚಿಯೇ! ಸಿಪ್ಪೆಯ ಹತ್ತಿರ ಹುಳಿಯೆಂದರೆ ಹುಳಿ, ನಡುವೆಲ್ಲ ನಾರು, ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಎರಡು ವರ್ಷ ಬಾಯಿ ಕಟ್ಟಿದ್ದವಳು ಮುರಿದದ್ದು ಇಂಥ ಹಣ್ಣಿಗೆ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗೌತಮಿ ತಡೆಯಲಾರದೆ ನಕ್ಕಳು, ನಾನೂ ನಕ್ಕೆ, ನಗುತ್ತ ನಗುತ್ತ ನನಗೆ ಅಳು ಬಂತು. ಎಷ್ಟು ಮಾರ್ಕ್ಸು ಎಂದಳು. ಮೂವತ್ತೈದು, ಜಸ್ಟ್ ಪಾಸು ಎಂದೆ. ಓಟೆಯ ಹತ್ತಿರ ಮಾತ್ರ ಒಂದು ಚೂರು ಸಿಹಿ ಇತ್ತು. ಅದನ್ನು ಅವಳು ಚೀಪಲಿ ಎಂದು ಕೊಟ್ಟೆ. ಅವಳು ಅರ್ಧ ಚೀಪಿ ನನಗೇ ವಾಪಸು ಕೊಟ್ಟಳು.

ಆಮೇಲೆ ಅವಳು ಹೊಸ ಅಡೆಯಲ್ಲಿದ್ದ ರಸಪುರಿಯನ್ನೂ ಬಾದಾಮಿಯನ್ನೂ ತರಿಸಿ ತಿಂದಳು. ಕೈ ಮೊಣಕೈವರೆಗೆ ರಸ. ಒರೆಸಿದೆ.

೧೪ ಜೂನ್

ಶಾಲೆ ಶುರುವಾಗಿದೆ. ಬರೆಯಲು ಬಿಡುವಿಲ್ಲ. ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುತ್ತೇನೆ, ಕಾಲು ಊದಿದೆ, ಒತ್ತುತ್ತೇನೆ. ಕಾಲೇಜಿನ ದಿನಗಳದ್ದು ಏನೇನೋ ಹೇಳುತ್ತಾಳೆ, ನನಗೆ ಒಂದೂ ಗೊತ್ತಿರಲಿಲ್ಲ. ಆಮ್ರಪಾಲಿ ಇನ್ನೂ ಕಾಯಿ.

೧೧ ಜುಲೈ

ಮೈಸೂರು ಆಸ್ಪತ್ರೆ. ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು. ತೂಕ ಸ್ವಲ್ಪ ಕಡಿಮೆ, ಆದರೆ ಚೆನ್ನಾಗಿ ಅತ್ತಿತು, ಹೆದರಬೇಕಾಗಿಲ್ಲ ಎಂದರು. ರಘು ಸ್ವೀಟ್ ತರಲು ಓಡಿದ್ದಾನೆ, ಮಹದೇವಯ್ಯನವರು ನರ್ಸಮ್ಮನ ಹಿಂದೆ ಹಿಂದೆಯೇ ಕೂಸಿನ ತೊಟ್ಟಿಲಿನ ಹತ್ತಿರ. ನಾನು ಗೌತಮಿಯ ಪಕ್ಕ ಕೂತಿದ್ದೆ. ತುಂಬ ಹೊತ್ತು ನೋವು ತಿಂದಿದ್ದಾಳೆ, ತುಟಿ ಕಚ್ಚಿ ಕಚ್ಚಿ ಗಾಯವಾಗಿದೆ. ತೋರುಬೆರಳಲ್ಲಿ ಬೆಣ್ಣೆ ಸವರಿದೆ.

ಪಕ್ಕದ ಹಾಸಿಗೆಯವರ ಕಡೆಯ ಜವರಮ್ಮ, ಸುತ್ತೂರಿನ ಕಡೆಯವರಂತೆ, ಫ್ಲಾಸ್ಕು ಹಿಡಿದು ಬಂದು ಕೇಳಿದರು, “ಮಗು ಎಂಗದೆ ಮೇಡಂ?”

“ಈಗ ವಾಸಿ ಕಣವ್ವ. ಒಂದು ಇಡ್ಲಿ ತಿಂತು, ಅರ್ಧ ಲೋಟ ಕಾಫಿ ಕುಡಿದು ಮಗ್ಗುಲಾಗಿ ಮಲಗ್ತು.”

ಜವರಮ್ಮ ಫ್ಲಾಸ್ಕನ್ನು ಹಾಗೆಯೇ ಹಿಡಿದುಕೊಂಡು ನಿಂತುಬಿಟ್ಟರು. “ಉಟ್ಟಿದ ದಿನವೇ ಇಡ್ಲಿ ತಿಂತಾ?”